ಹಿಟ್ಟಿನ ಡಬ್ಬಿಯ ಮೇಲಿನ ಟೇಪ್ ರೆಕಾರ್ಡರ್

ನನ್ನ ಅಪ್ಪ ಹರದೇಶಿ ಹಾಡುಗಾರ. ಗಂಡು ಹೆಚ್ಚು ಎಂದು ಹರದೇಶಿಯವರು, ಹೆಣ್ಣು ಹೆಚ್ಚು ಎಂದು ನಾಗೇಶಿಯವರು ಎದುರುಬದುರು ನಿಂತು ಹಾಡಿನಲ್ಲೇ ಸವಾಲು-ಜವಾಬು ನಡೆಸುವುದು ನಮ್ಮ ಕಡೆಯ ಪದ್ಧತಿ. ಬೀಳಗಿಯಿಂದ ಮುಧೋಳದವರೆಗೆ ಅಪ್ಪನ ಬಾಯಿ ಮುಚ್ಚಿಸಿದ ನಾಗೇಶಿ ಮೇಳ ಒಂದೂ ಇಲ್ಲ ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಹನ್ನೊಂದು ಕ್ಯಾಸೆಟ್ ಸಿಕ್ಕವು. ಇನ್ನೂ ಹೆಸರು ಮಾಡಿರದ ಕಾಲದಲ್ಲಿ, ರಬಕವಿಯ ನಮ್ಮ ಸಣ್ಣ ಮನೆಯಲ್ಲಿ, ಟೇಪ್ ರೆಕಾರ್ಡರಿನಲ್ಲಿ ತಾನೇ ತುಂಬಿಕೊಂಡ ಹಾಡುಗಳು. ಹೊರಗೆ ತರಲೇಬೇಕೆಂದು ಮೇಳದವರು ಗಂಟುಬಿದ್ದರು. ಬನಹಟ್ಟಿಯ ರೆಕಾರ್ಡಿಂಗ್ ಅಂಗಡಿಯವನಿಗೆ ಕೊಟ್ಟುಬಂದೆ. ನಾಲ್ಕು ದಿನಕ್ಕೆ ಅವನ ಫೋನ್ ಬಂತು.

“ಅಕ್ಕಾರ, ಬಾಜೂ ಮನಿ ಮಗ್ಗದ ಸಪ್ಪಳ ತಗದೇನ್ರಿ. ಆದ್ರ ನಡುವ ಒಬ್ಬಾಕಿ ಹೆಣಮಗಳು ಹಾಡ್ತಾಳ್ರಿ, ಅದು ಹೋಗವಲ್ದು. ನಿಮ್ಮಪ್ಪಾರ ದನಿ ದೂರ ಐತಿ, ಆಕಿದು ಮಶೀನಿನ ಮುಂದ ಐತ್ರಿ.”

“ಆಕಿ ನಮ್ಮವ್ವರೀ,” ಎಂದೆ.

ಅವ್ವ ಎಂದೂ ಮಂದಿಯ ಮುಂದೆ ನಿಂತು ಹಾಡಿದವಳಲ್ಲ. ಅಪ್ಪ ಪಡಸಾಲೆಯಲ್ಲಿ ದಪ್ಪು ಬಾರಿಸುತ್ತ ಗಂಡಸಿನ ದೊಡ್ಡಸ್ತಿಕೆ ಹಾಡಿದರೆ, ಇವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ತಿರುಗಿ ಕೊಡುತ್ತಿದ್ದಳು. ಅಂಗಡಿಗೆ ಹೋಗಿ ಕೂತು ಕೇಳಿದೆ. ಹೊಲ ಬಿತ್ತುವವನು ಗಂಡಸು ಎಂದು ಅಪ್ಪ ಮೆರೆಯುತ್ತಾನೆ. ಅವ್ವ ಎತ್ತಿಕೊಳ್ಳುತ್ತಾಳೆ: “ಬಿತ್ತಿದಾಂವ ನೀ ಖರೆ, ಬೂದಿ ಬೆರಸಿ ಗಡಿಗ್ಯಾಗ ಬೀಜ ಕಾದಾಕಿ ಯಾರ?” ದಪ್ಪು ನಿಲ್ಲುತ್ತದೆ. ಬಹಳ ಹೊತ್ತು ಬರೀ ರೊಟ್ಟಿಯ ಸಪ್ಪಳ. ಆಮೇಲೆ ಅಪ್ಪ ನಗುತ್ತಾನೆ. “ತಡಿ ತಡಿ, ಇನ್ನೊಮ್ಮೆ ಅನ್ನು.”

ನಾಗೇಶಿಯವರು ಹಾಕಿದ ಇದೇ ಸವಾಲಿಗೆ ಜಮಖಂಡಿಯಲ್ಲಿ ಅಪ್ಪ ತಟ್ಟನೆ ಜವಾಬು ಕೊಟ್ಟಿದ್ದನ್ನು ಕಣ್ಣಾರೆ ಕಂಡವಳು ನಾನು. ಜನ ಸೀಟಿ ಹೊಡೆದಿದ್ದರು. ಆ ಜವಾಬಿಗಾಗಿ ಮನೆಯಲ್ಲಿ ಎಷ್ಟು ತಡಕಾಡಿದ್ದ ಎಂಬುದು ಈಗ ತಿಳಿಯಿತು. ಅಪ್ಪನ ಮೇಲಿನ ಅಭಿಮಾನ ಒಂದು ಗುಂಜಿಯಷ್ಟೂ ಇಳಿಯಲಿಲ್ಲ, ಏರಿತು. ಸೋತದ್ದನ್ನು ಅಳಿಸದೆ ಜೋಪಾನವಾಗಿ ಇಟ್ಟುಕೊಳ್ಳುವ ಹಾಡುಗಾರರು ಎಷ್ಟು ಜನ ಇದ್ದಾರು?

ಆದರೆ ಅವ್ವ ಒಪ್ಪಬೇಕಲ್ಲ. “ನನ್ನ ದನಿ ಇದ್ರ ಒಂದು ಕ್ಯಾಸೆಟ್ಟೂ ಹೊರಗ ಬರೂದು ಬ್ಯಾಡ. ಗಂಡಗ ಒಲಿ ಮುಂದ ಕುಂತು ಎದುರಾಡಿದ್ದು ಊರ ಮಂದಿ ಕೇಳೂದೇನೈತಿ?” ಎಂದು ಹಟ ಹಿಡಿದಳು. ನನಗೂ ಸಿಟ್ಟು ಬಂತು. ಸವಾಲೇ ಇಲ್ಲದ ಜವಾಬನ್ನು ಯಾರು ಕೇಳುತ್ತಾರೆ? ಹನ್ನೊಂದೂ ಮತ್ತೆ ಟ್ರಂಕು ಸೇರುವುದೇ ಸೈ ಎನಿಸಿತು. ಮೂರು ದಿನ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದೆವು.

ನಾಲ್ಕನೆಯ ದಿನ ಅವಳು ಮೆಂತ್ಯೆಸೊಪ್ಪು ಸೋಸುತ್ತ ಕೂತಿದ್ದಾಗ ಮತ್ತೆ ಕೆದಕಿದೆ.

“ನಿನ್ನ ದನಿ ತಗಿಯಾಕ ಬರೂದಿಲ್ಲಂತ ಬೇ. ಅಪ್ಪ ಆ ಮಶೀನ್ ನಿನ್ನ ಹಿಟ್ಟಿನ ಡಬ್ಬಿ ಮ್ಯಾಲೇ ಇಡ್ತಿದ್ದ. ಪ್ಲಗ್ ಅಲ್ಲೇ ಇತ್ತಲ್ಲ, ಅದಕ್ಕ.”

“ಎಲ್ಲಿ ಪ್ಲಗ್ಗು? ಅದು ಸೆಲ್ ಹಾಕೂ ಮಶೀನು. ಸೆಲ್ ಇಳದಾಗ ಮಾಳಗಿ ಮ್ಯಾಲ ಬಿಸಲಿಗೆ ಇಡ್ತಿದ್ದಾಕಿ ನೀನ ಅಲ್ಲೇನು? ಎಲ್ಲಿ ಬೇಕಾದಲ್ಲಿ ಇಡಬಹುದಿತ್ತು ಅದನ್ನ, ನಿಮ್ಮಪ್ಪನ ಮುಂದ...”

ನನ್ನನ್ನು ಬೈಯುತ್ತಿದ್ದವಳ ಮಾತು ಅಲ್ಲಿಗೇ ನಿಂತಿತು. ಸೊಪ್ಪಿನ ಮೇಲಿನ ಕೈಯೂ ನಿಂತಿತು.

ಅಪ್ಪ ತನ್ನ ಹಾಡು ತುಂಬಿಕೊಳ್ಳುತ್ತಿದ್ದಾನೆಂದು ನಾವಿಬ್ಬರೂ ಇಷ್ಟು ವರ್ಷ ನಂಬಿದ್ದೆವು. ಅವನು ತುಂಬಿಕೊಂಡದ್ದು ಅವಳ ಹಾಡನ್ನು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಒಂದ ಮಾತು ಬಾಯಿಬಿಟ್ಟು ಹೇಳಬಾರದಿತ್ತಾ ಅವರು,” ಎಂದಳು. ಇಡೀ ಸೂಡು ಸೋಸಿ ಮುಗಿಸಿದ ಮೇಲೆ ಮತ್ತೆ ಬಾಯಿಬಿಟ್ಟಳು.

“ಆ ಅಂಗಡಿಯಾಂವಗ ಹೇಳು, ನಂದು ಇರ್ಲಿ. ಮಗ್ಗದ ಸಪ್ಪಳಾನೂ ತಿರುಗಿ ಹಾಕಂತ ಹೇಳು. ನಿಮ್ಮಪ್ಪಗ ದಪ್ಪು ಇತ್ತು. ನಾ ಆ ಮಗ್ಗದ ತಾಳಕ್ಕ ಹಾಡ್ತಿದ್ದೆ.”

ನಾನು ಬನಹಟ್ಟಿಗೆ ಫೋನ್ ಹಚ್ಚಿದೆ.