ಹಸಿ ಅಚ್ಚು

ಪೋಸ್ಟ್‌ಕಾರ್ಡಿನಲ್ಲಿ ಇದ್ದದ್ದು ಮೂರೇ ಸಾಲು. ‘ಸಾರ್, ನಿಮ್ಮ ಪುಸ್ತಕ ಬಾಳ ಚೊಲೊ ಐತಿ. ಆದರ ನೂರಾ ಹನ್ನೆರಡನೇ ಪುಟದಾಗ ಅಚ್ಚು ಹಸಿ ಐತಿ. ಅದರಾಗ ಕಂಚು ಹೊಯ್ದರ ಸಿಡಿದು ಈರಾಚಾರಿ ಅಲ್ಲೇ ಸಾಯ್ತಾನ.’ ಕೆಳಗೆ ಯಮನೂರಪ್ಪ, ಲಗ್ಗೆರೆ ಎಂದು ಸಹಿ.

ಇದು ಎಂಟು ವರ್ಷದ ಹಿಂದಿನ ಮಾತು. ಕುಷ್ಟಗಿ ಕಡೆಯಿಂದ ಬಂದ ಯಮನೂರಪ್ಪ ಪೀಣ್ಯದ ಸಣ್ಣದೊಂದು ಫೌಂಡ್ರಿಯಲ್ಲಿ ಹದಿನೆಂಟು ವರ್ಷ ಮರಳಿನ ಅಚ್ಚು ಕಟ್ಟಿದ್ದರು. ಕಾರ್ಡು ತಲುಪಿದ್ದು ಜಾಲಹಳ್ಳಿಯ ದ್ವಾರಕಾನಾಥರಿಗೆ. ಅವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುತ್ತ, ರಜೆಯ ದಿನಗಳಲ್ಲಿ ಹನ್ನೊಂದು ಐತಿಹಾಸಿಕ ಕಾದಂಬರಿಗಳನ್ನು ಬರೆದವರು. ದೊಡ್ಡ ಹೆಸರೇನೂ ಆಗಲಿಲ್ಲ. ಅವರ ಪುಸ್ತಕಗಳಲ್ಲಿ ರಾಜರು ಬಾಗಿಲಾಚೆಯೇ ಇರುತ್ತಿದ್ದರು. ಒಳಗಿರುತ್ತಿದ್ದವರು ಕಲ್ಲು ಕಡಿಯುವವರು, ಆನೆಗೆ ಮೇವು ಹೊರುವವರು, ಕೋಟೆಗೆ ನೀರು ಸೇದುವವರು. ಸಾವು ಬಂದರೆ ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗುತ್ತಿದ್ದರು. ಅದಕ್ಕೆ ಹೋಲಿಕೆ, ಅಲಂಕಾರ ಏನೂ ಇರುತ್ತಿರಲಿಲ್ಲ.

ಅವರ ‘ಕಂಚಿನ ಬಾಯಿ’ ಕಾದಂಬರಿಯ ಈರಾಚಾರಿ ಪಾಳೆಯಗಾರನೊಬ್ಬನಿಗೆ ತೋಪು ಎರಕ ಹೊಯ್ಯುವವನು. ಮಳೆಗಾಲದಲ್ಲಿ ಮಣ್ಣಿನ ಅಚ್ಚು ಕಟ್ಟಿ, ಮೂರನೆಯ ದಿನವೇ ಕರಗಿದ ಕಂಚು ಹೊಯ್ಯುತ್ತಾನೆ. ತೋಪು ಸರಿಯಾಗಿಯೇ ಹೊರಬರುತ್ತದೆ, ಈರಾಚಾರಿಗೂ ಏನೂ ಆಗುವುದಿಲ್ಲ. ಇದರಲ್ಲಿ ತಪ್ಪಿದೆ ಎಂದು ವಿಮರ್ಶಕರು ಯಾರೂ ಹೇಳಿರಲಿಲ್ಲ.

ಕಾರ್ಡು ಸಿಕ್ಕ ಹದಿನೈದು ದಿನಕ್ಕೆ ದ್ವಾರಕಾನಾಥರೇ ಫೌಂಡ್ರಿಯ ಗೇಟಿಗೆ ಬಂದರು.

“ನನ್ನ ಈರಾಚಾರಿನ ಕೊಂದೋರು ನೀವೇನಾ?”

“ಕೊಂದವ್ರು ನೀವರೀ ಸಾರ್. ನಾ ಬರೇ ಹೆಣ ತೋರಿಸೀನಿ.”

ಆಮೇಲೆ ಆರು ಶನಿವಾರ ಬಂದರು. ಬಕೆಟ್ಟು ಬೋರಲು ಹಾಕಿ ಕೂತು, ಅಚ್ಚು ಎಷ್ಟು ದಿನ ಒಣಗಬೇಕು, ಒಳಗೆ ಹಸಿ ಉಳಿದದ್ದು ಗೊತ್ತಾಗುವುದು ಹೇಗೆ ಎಂದೆಲ್ಲ ಕೇಳಿ ಬರೆದುಕೊಂಡರು. ಯಮನೂರಪ್ಪನನ್ನು ಅಷ್ಟರಲ್ಲಿ ಅಚ್ಚಿನ ಕೆಲಸದಿಂದ ಬೇರೆ ಕೆಲಸಕ್ಕೆ ಹಾಕಿದ್ದರು. ಎರಕವಾದ ಕಬ್ಬಿಣಕ್ಕೆ ಅಂಟಿದ ಸುಟ್ಟ ಮರಳನ್ನು ಗ್ರೈಂಡರ್ ಹಿಡಿದು ಉಜ್ಜಿ ತೆಗೆಯಬೇಕಿತ್ತು. ಬಾಯಿಗೆ ಕಟ್ಟಲು ಒಂದು ಟವೆಲ್ಲು, ಅಷ್ಟೇ.

“ಈ ಕೆಮ್ಮು ಎಷ್ಟು ದಿನದಿಂದ?” ಎಂದು ದ್ವಾರಕಾನಾಥರು ಒಮ್ಮೆ ಕೇಳಿದರು.

“ಕೆಮ್ಮಲ್ರೀ ಸಾರ್, ಧೂಳು.”

ಅದನ್ನೂ ಅವರು ಬರೆದುಕೊಂಡರು. ಕೊನೆಯ ಶನಿವಾರ ಹೊರಡುವಾಗ, “ಮುಂದಿನ ಮುದ್ರಣಕ್ಕೆ ಆ ಅಧ್ಯಾಯ ಪೂರ್ತಿ ಹೊಸದಾಗಿ ಬರೀತೀನಿ ಕಣ್ರೀ. ಮೊದಲು ನೀವೇ ಓದ್ಬೇಕು” ಎಂದರು.

ಮುಂದಿನ ಮುದ್ರಣ ಬರಲಿಲ್ಲ. ಎರಡು ವರ್ಷದ ಹಿಂದೆ ದ್ವಾರಕಾನಾಥರು ತೀರಿಕೊಂಡರು. ಆ ಹೊತ್ತಿಗೆ ಯಮನೂರಪ್ಪನಿಗೆ ಮಹಡಿ ಹತ್ತಲು ಆಗುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶಕ್ಕೆ ಸೇರಿದ ಧೂಳನ್ನು ಹೊರತೆಗೆಯುವ ದಾರಿ ಇಲ್ಲ ಎಂದರು.

ಲಗ್ಗೆರೆಯ ಒಂದೇ ಕೋಣೆಯ ಮನೆಯಲ್ಲಿ ಆಮ್ಲಜನಕದ ಯಂತ್ರ ಹಗಲೆಲ್ಲ ಗುಂಯ್‌ಗುಡತೊಡಗಿತು. ತಲೆಯ ಮೇಲಿನ ಗೂಡಿನಲ್ಲಿ ಪೇಪರಿನ ಹೊದಿಕೆ ಹಾಕಿದ ದ್ವಾರಕಾನಾಥರ ಹನ್ನೊಂದು ಪುಸ್ತಕಗಳಿದ್ದವು. ಐದು ಸಾಲು ಓದುವಷ್ಟರಲ್ಲಿ ಯಮನೂರಪ್ಪನಿಗೆ ಕಣ್ಣು ಕತ್ತಲಿಡುತ್ತಿತ್ತು. ಕೇಳುತ್ತಿದ್ದದ್ದು ಒಂದೇ: “ಆ ಅಧ್ಯಾಯ ಬರದ್ರೋ ಇಲ್ಲೋ? ಅದೊಂದು ತಿಳದು ಹೋಗ್ಬೇಕು.”

“ಹೆಂಡ್ತಿ ಉಂಡಾಳೋ ಇಲ್ಲೋ ಅಂತ ಒಂದಿನ ಕೇಳ್ಲಿಲ್ಲ. ಸತ್ತವರ ಹಾಳಿ ಚಿಂತಿ ಹತ್ತೇತಿ ನಿಮಗ” ಎಂದು ಬೈದರು ಹೆಂಡತಿ ಮಹಾದೇವಿ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಏಳನೆಯ ತರಗತಿಯವರೆಗೆ ಓದಿದವರು. ಬೈದ ಮರುವಾರವೇ ರಜೆ ಹಾಕಿ, ದ್ವಾರಕಾನಾಥರ ಹಳೆಯ ಕಾಗದವೊಂದರ ವಿಳಾಸ ಹಿಡಿದು ಜಾಲಹಳ್ಳಿಗೆ ಹೋದರು.

ದ್ವಾರಕಾನಾಥರ ಮಗಳು ಸುಕೃತಿ ತಂದೆಯ ಕಪಾಟು ಹುಡುಕಿ ಕಂದು ಬಣ್ಣದ ಕವರೊಂದನ್ನು ತೆಗೆದರು. ಮೇಲೆ ‘ಯಮನೂರಪ್ಪನವರಿಗೆ, ಮೊದಲು’ ಎಂದಿತ್ತು. ಸ್ಟಾಂಪು ಕೂಡ ಅಂಟಿಸಿತ್ತು.

“ಅಪ್ಪ ಇದನ್ನ ಯಾಕೆ ಪೋಸ್ಟ್ ಮಾಡ್ಲಿಲ್ವೋ ಗೊತ್ತಿಲ್ಲ ಮೇಡಂ.”

ಒಳಗೆ ಒಂಬತ್ತು ಹಾಳೆಗಳಿದ್ದವು. ಅಂದು ಮಧ್ಯಾಹ್ನವೇ ಮಹಾದೇವಿ ಮನೆಗೆ ಬಂದು ಗಂಡನಿಗೆ ಓದಿ ಹೇಳಲು ಕೂತರು. ಅಕ್ಷರದ ಮೇಲೆ ಬೆರಳಿಟ್ಟು, ನಿಧಾನಕ್ಕೆ. ಅಚ್ಚಿನ ಮಣ್ಣಿಗೆ ಹೊಟ್ಟು ಬೆರೆಸುವುದು, ಸುತ್ತ ಇದ್ದಿಲ ಬೆಂಕಿ ಹಾಕುವುದು, ಒದ್ದೆ ಉಳಿದಿದೆಯೇ ಎಂದು ಕಿವಿಯಿಟ್ಟು ಕೇಳುವುದು, ಎಲ್ಲ ಬಂದವು. ಯಮನೂರಪ್ಪ ತಲೆಯಾಡಿಸುತ್ತ ಹೋದರು. ಏಳನೆಯ ಹಾಳೆಯಲ್ಲಿ ಈರಾಚಾರಿಯ ಹೆಂಡತಿ ಕೆಮ್ಮಿನ ಬಗ್ಗೆ ಕೇಳುತ್ತಾಳೆ. ‘ಕೆಮ್ಮಲ್ಲ, ಧೂಳು’ ಎನ್ನುತ್ತಾನೆ ಅವನು.

“ಅದು ನಂದು! ನನ್ನ ಮಾತದು!” ಯಮನೂರಪ್ಪ ನಕ್ಕರು. ನಗು ಕೆಮ್ಮಾಯಿತು.

ಕೆಮ್ಮು ನಿಲ್ಲುವಷ್ಟರಲ್ಲಿ ಮಹಾದೇವಿಯ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. ನೀರು ಕುಡಿದು ಮತ್ತೆ ಶುರು ಮಾಡಿದರು: “ಆಗ ಒಬ್ಬ ವೈದ್ಯ ಬಂದು ಅಮೃತದಂಥಾ ಔಷಧಿ ಕೊಟ್ಟನು. ಈರಾಚಾರಿ ಮೊದಲಿನಂಗ ಆದನು.”

“ನಿಲ್ಲು. ಅಮೃತದಂಥಾ?”

“ಹಂಗೇ ಬರದಾರ.”

“ಹನ್ನೊಂದು ಪುಸ್ತಕದಾಗ ಒಮ್ಮೆನೂ ಆ ಮನಷ್ಯಾ ಅಮೃತದಂಥಾ ಅಂದಿಲ್ಲ. ಅದು ನಿಂದು, ಮಾದೇವಿ. ಖರೇ ಏನೈತಿ, ಅದನ್ನ ಓದು.”

ಮಹಾದೇವಿ ಓದಿದರು. ‘ಶ್ರಾವಣ ಕಳೆಯುವ ಮೊದಲು ಈರಾಚಾರಿ ತೀರಿಕೊಂಡನು. ಅಚ್ಚು ನಲವತ್ತೊಂದನೆಯ ದಿನಕ್ಕೆ ಒಣಗಿತು. ಕಂಚನ್ನು ಬೇರೆಯವರು ಹೊಯ್ದರು. ತೋಪಿಗೆ ಬಿರುಕು ಇರಲಿಲ್ಲ.’



“ಎಷ್ಟು ದಿನ ಅಂದಿ?”

“ನಲವತ್ತೊಂದು.”

“ಸರಿ ಐತಿ. ಮಳಿಗಾಲಕ್ಕ ಅಷ್ಟು ಬೇಕ.” ಉಸಿರು ಹಿಡಿದು ಮತ್ತೆ ಹೇಳಿದರು: “ಪುಸ್ತಕದಾಗ ಇದನ್ನ ಸೇರಿಸು. ತಪ್ಪು ಪುಟ ಹರದು ಒಗಿ.”

ಆ ತಿಂಗಳು ಕಳೆಯುವ ಮೊದಲು ಯಮನೂರಪ್ಪ ತೀರಿಕೊಂಡರು.

ಒಂಬತ್ತು ಹಾಳೆಗಳನ್ನು ಮಹಾದೇವಿ ಗಾರ್ಮೆಂಟ್ಸಿನ ನೀಲಿ ದಾರದಲ್ಲಿ ‘ಕಂಚಿನ ಬಾಯಿ’ಗೆ ಹೊಲಿದಿದ್ದಾರೆ. ಹಳೆಯ ಪುಟಗಳೂ ಹಾಗೆಯೇ ಇವೆ. ಮಾತಾಡಿಸಲು ಬಂದ ಸುಕೃತಿ ಅದನ್ನು ನೋಡಿ, ಇವನ್ನು ಯಾಕೆ ತೆಗೆಯಲಿಲ್ಲ ಎಂದು ಕೇಳಿದರು.

“ಇರ್ಲಿ ಬಿಡ್ರಿ,” ಎಂದರು ಮಹಾದೇವಿ. “ಅದರಾಗ ಆತ ಬದುಕ್ಯಾನ.”