ಕಾಕನಿಗೆ ಕಾಣದ ಗೋಲು

ಕಳೆದ ತಿಂಗಳು ಕಾರಿನ ಮುಲ್ಕಿಯಾ, ಅಂದರೆ ನೋಂದಣಿ ಕಾರ್ಡು, ನವೀಕರಿಸಬೇಕಿತ್ತು. ತಪಾಸಣೆಗೆ ಒಯ್ಯುವ ಮೊದಲು ಡಿಕ್ಕಿ ಖಾಲಿ ಮಾಡಿ, ಅಡಿಯ ಕಾರ್ಪೆಟ್ ಎತ್ತಿ ಕೊಡವಿದೆ. ಬಿಳಿ ಪುಡಿ ಸೀದಾ ಮುಖಕ್ಕೆ ಹಾರಿತು. ಒಣ ಸುಣ್ಣದಂಥ, ಗಂಟಲು ಕೆರೆಯುವ ವಾಸನೆ. ಪಕ್ಕದಲ್ಲಿ ನಿಂತಿದ್ದ ಮಗಳು ಮೂಗು ಮುಚ್ಚಿಕೊಂಡು, "ಪಪ್ಪಾ, ಈಸ್ ಇಟ್ ಪಾಯ್ಸನ್?" ಎಂದಳು.

"ಅಲ್ಲ ಮಗಾ, ಇದು ಫುಟ್‌ಬಾಲ್ ಮೈದಾನದ ಗೆರೆ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಜಿಪ್ಸಂ ಪುಡಿ ಅದು. ಎಂಟು ವರ್ಷ ಕಾರ್ಪೆಟ್ಟಿನ ಎಳೆಗಳಲ್ಲಿ ಉಳಿದುಕೊಂಡಿತ್ತು. ಅದರ ಮೂಟೆಯನ್ನು ನನ್ನ ಡಿಕ್ಕಿಯಲ್ಲಿ ಇಡುತ್ತಿದ್ದವರು ಕಾಕ...

ಆಗ ನಾವು ಅಬುಧಾಬಿಯಲ್ಲಿದ್ದೆವು. ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಹಳೆಯ ಕಟ್ಟಡ, ಐದನೇ ಮಹಡಿ. ಎದುರು ಬಾಗಿಲಿನ ಫ್ಲ್ಯಾಟಿನಲ್ಲಿ ಏಳೆಂಟು ಮಂದಿ ಒಟ್ಟಾಗಿ ಇದ್ದರು. ಅವರಲ್ಲೆಲ್ಲ ಹಿರಿಯರು ಕಾಕ. ಉಳ್ಳಾಲದ ಕಡೆಯ ಬ್ಯಾರಿ. ಊರ ಹೊರಗಿನ ಕೈಗಾರಿಕಾ ಪ್ರದೇಶ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ತೆಳ್ಳಗಿನ ಮೈ, ಕತ್ತರಿಸಿದ ಬಿಳಿ ಗಡ್ಡ. ಅಂಗಿಯ ಕಾಲರ್ ಮಾತ್ರ ಯಾವಾಗಲೂ ಇಸ್ತ್ರಿ ಮಾಡಿದ್ದು. ನನ್ನೊಂದಿಗೆ ಅರ್ಧ ತುಳು, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕಾಗ ನಮಸ್ಕಾರ ಹೇಳುವಷ್ಟೇ ಪರಿಚಯ.

ಒಂದು ದಿನ ಅದೇ ಲಿಫ್ಟಿನಲ್ಲಿ ಕೇಳಿದರು, "ಲೈಸೆನ್ಸ್ ಸಿಕ್ಕಿತಂತೆ?"

"ಸಿಕ್ಕಿತು ಕಾಕ. ಆರನೇ ಸಲಕ್ಕೆ."

"ಹಾಗಾದ್ರೆ ಕೈ ಪಳಗಬೇಕಲ್ಲ ಮಾರಾಯ. ಶುಕ್ರವಾರ ಮುಸಫ್ಫಾಕ್ಕೆ ಹೋಗುವ, ಬಾ."

ಕಾಕ ಕಾರು ಓಡಿಸುತ್ತಿರಲಿಲ್ಲ. ನನಗೆ ಹೊಸ ಲೈಸೆನ್ಸು, ಹಳೆಯ ಕಾರು, ಹೆಂಡತಿಯನ್ನು ಕೂರಿಸಿಕೊಂಡು ಹೋಗಲು ಇನ್ನೂ ಅಳುಕು. ಹೀಗೆ ನಮ್ಮಿಬ್ಬರ ಶುಕ್ರವಾರಗಳು ಶುರುವಾದವು. ಆಗ ವಾರದ ರಜೆ ಶುಕ್ರವಾರವೇ ಇತ್ತು.

ಮುಸಫ್ಫಾದಲ್ಲಿ ವರ್ಕ್‌ಶಾಪುಗಳ ಸಾಲು ಮುಗಿದ ಮೇಲೆ ಒಂದು ಬಯಲು. ಅಲ್ಲಿ ಲೇಬರ್ ಕ್ಯಾಂಪುಗಳ ಕೆಲಸಗಾರರು ಫುಟ್‌ಬಾಲ್ ಆಡುತ್ತಿದ್ದರು. ಹುಲ್ಲೆಂಬುದು ಇಲ್ಲ, ಗಟ್ಟಿ ಮರಳು. ಗೋಲಿನ ಕಂಬಗಳು ಉಳಿಕೆ ಪೈಪಿನವು. ಕಾಕ ಮಧ್ಯಾಹ್ನದ ನಮಾಜು, ಊಟ ಮುಗಿಸಿ ಎಲ್ಲರಿಗಿಂತ ಮೊದಲು ಹೋಗಿ, ತಳ ತೂತು ಮಾಡಿದ ಡಬ್ಬದಿಂದ ಜಿಪ್ಸಂ ಸುರಿಯುತ್ತಾ ಗೆರೆ ಎಳೆಯುತ್ತಿದ್ದರು. ಆಮೇಲೆ ಬಾವುಟ ಹಿಡಿದು ಗೆರೆಯ ಪಕ್ಕ ಓಡುತ್ತಿದ್ದರು. ಅವರು ಲೈನ್ಸ್‌ಮನ್. ಹಳೆಯ ಸೇಫ್ಟಿ ಜಾಕೆಟ್ಟಿನ ಕಿತ್ತಳೆ ಬಟ್ಟೆಯನ್ನು ತಾವೇ ಹೊಲಿದು ಮಾಡಿಕೊಂಡ ಬಾವುಟ ಅದು. ಐವತ್ತೆಂಟರ ಮನುಷ್ಯ ಆ ಮರಳಿನಲ್ಲಿ ಹಾಗೆ ಓಡುವುದನ್ನು ನೋಡಿ ನನಗೆ ಮೊದಲು ನಗು ಬಂದಿತ್ತು. ಆದರೆ ಅವರು ಕೈ ಎತ್ತಿದರೆ ಇಪ್ಪತ್ತೆರಡು ಆಟಗಾರರೂ ನಿಲ್ಲುತ್ತಿದ್ದರು. ಒಬ್ಬರೂ ವಾದಿಸುತ್ತಿರಲಿಲ್ಲ. ವಾರವಿಡೀ ಫೋರ್‌ಮನ್ನನ ಮಾತು ಕೇಳುವವರು ಕಾಕನ ಮಾತನ್ನು ಪ್ರೀತಿಯಿಂದ ಕೇಳುತ್ತಿದ್ದರು.

ಆ ವರ್ಷದ ಚಳಿಗಾಲದ ಟೂರ್ನಮೆಂಟಿನ ಫೈನಲ್. ಒಂದು ಕಡೆ ವೆಲ್ಡರುಗಳ ತಂಡ, ಇನ್ನೊಂದು ಕಡೆ ಸ್ಕಫೋಲ್ಡಿಂಗ್, ಅಂದರೆ ಕಟ್ಟಡಗಳಿಗೆ ಪೈಪಿನ ಅಟ್ಟಣಿಗೆ, ಕಟ್ಟುವವರ ತಂಡ. ಸ್ಕಫೋಲ್ಡಿಂಗಿನವರಲ್ಲಿ ಏಳು ನಂಬರಿನ ಅಂಗಿಯ ನೇಪಾಳಿಯೊಬ್ಬನಿದ್ದ. ಗಿಡ್ಡ ಆಳು, ಚೆಂಡು ಸಿಕ್ಕಿದರೆ ಹಿಡಿಯಲಾಗುತ್ತಿರಲಿಲ್ಲ. ಕೊನೆಯ ನಿಮಿಷಗಳವರೆಗೂ ಯಾರದ್ದೂ ಗೋಲಾಗಲಿಲ್ಲ. ಆಗ ಒಂದು ಕಾರ್ನರ್ ಬಂತು. ಗೋಲಿನ ಮುಂದೆ ಏಳೆಂಟು ಜನ ಒಟ್ಟಿಗೆ ಹಾರಿದರು. ಏಳು ನಂಬರಿನವನಿಂದ ಹೊರಟ ಚೆಂಡು ಮೇಲಿನ ಕಂಬಿಗೆ ಬಡಿದು ಕೆಳಗೆ ಬಿತ್ತು, ಗೋಲ್‌ಕೀಪರ್ ಅದನ್ನು ಬಾಚಿ ಹೊರಗೆ ಎಸೆದ. ಚೆಂಡು ಬಿದ್ದದ್ದು ಗೆರೆಯ ಒಳಗೋ ಹೊರಗೋ? ರೆಫ್ರಿ ಕಾಕನತ್ತ ನೋಡಿದ. ಕಾಕ ಒಂದು ಕ್ಷಣ ತಡೆದು, ಇಲ್ಲ ಎಂದು ತಲೆಯಾಡಿಸಿದರು.

ಗೋಲು ಸಿಗಲಿಲ್ಲ. ಪೆನಾಲ್ಟಿಯಲ್ಲಿ ಸ್ಕಫೋಲ್ಡಿಂಗಿನವರು ಸೋತರು. ಏಳು ನಂಬರಿನವನು ಅಂಗಿಯನ್ನು ತಲೆಯ ಮೇಲೆ ಎಳೆದುಕೊಂಡು ಮರಳಿನಲ್ಲೇ ಕುಳಿತಿದ್ದ. ಕಂಪನಿಯ ಬಸ್ಸು ಹಾರ್ನ್ ಹೊಡೆದ ಮೇಲೆ ಎದ್ದು ಹೋದ.

ಮರುದಿನ ಸಂಜೆ ಕಾಕ ನಮ್ಮ ಬಾಗಿಲು ತಟ್ಟಿದರು. ಯಾರೋ ತೆಗೆದ ವಿಡಿಯೋ ಟೂರ್ನಮೆಂಟಿನ ವಾಟ್ಸಾಪ್ ಗುಂಪಿಗೆ ಬಂದಿತ್ತು. ಮೊಬೈಲನ್ನು ಕಣ್ಣಿನ ತೀರಾ ಹತ್ತಿರ ಹಿಡಿದು ನೋಡಿ, ಆಮೇಲೆ ನನ್ನ ಕೈಗೆ ಕೊಟ್ಟರು. "ನೋಡು. ಚೆಂಡು ಒಳಗೆ ಉಂಟು. ಒಂದು ಗೇಣು ಒಳಗೆ."

ನಿಜ. ಹಾರಿದವರ ಬೆನ್ನುಗಳಷ್ಟೇ ಕಂಡರೂ, ಚೆಂಡು ಬಿದ್ದ ಜಾಗದ ಬಗ್ಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ.

"ಬಿಸಿಲು ಕಣ್ಣಿಗೆ ಹೊಡೀತಿತ್ತು" ಎಂದರು ಕಾಕ. ನಾನು ಹೌದೆಂದೆ. ಅವರು ಅಲ್ಲೇ ನಿಂತು ಸಂಘಟಕರಿಗೆ ಫೋನ್ ಮಾಡಿ, "ತಪ್ಪು ನನ್ನದು" ಎಂದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಖಲಾಸ್ ಕಾಕ, ಮುಗಿದು ಹೋಯ್ತಲ್ಲ. ಬಿಡಿ."

ಕಾಕ ಬಿಡಲಿಲ್ಲ. ಮುಂದಿನ ಶುಕ್ರವಾರ ನಾವು ಸ್ಕಫೋಲ್ಡಿಂಗಿನವರ ಕ್ಯಾಂಪಿಗೆ ಹೋದೆವು. ಅವರ ಕೋಣೆಗಳು ಖಾಲಿ. ಕೆಲಸ ಮುಗಿದದ್ದರಿಂದ ಆ ತಂಡವನ್ನೇ ಬೇರೆ ಬೇರೆ ಸೈಟುಗಳಿಗೆ ಹಂಚಿದ್ದಾರೆ ಎಂದು ವಾಚ್‌ಮನ್ ಹೇಳಿದ. ಎಲ್ಲಿಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಏಳು ನಂಬರಿನವನ ಫೋನ್ ನಂಬರು ಸಂಘಟಕರ ಬಳಿಯೂ ಇರಲಿಲ್ಲ.

"ಇನ್ನೇನು ಮಾಡುವುದು?" ಎಂದೆ.

"ಆಡುವವ ಎಲ್ಲಿ ಹೋದರೂ ಆಡ್ತಾನೆ" ಎಂದರು ಕಾಕ. "ನಾವು ಮೈದಾನ ನೋಡ್ತಾ ಹೋಗುವ."

ಹೀಗೆ ನಾನು ಈ ದೇಶವನ್ನು ನೋಡಿದ್ದು ಅದರ ಸಣ್ಣ ಮೈದಾನಗಳಿಂದ. ಹೈ ಟೆನ್ಷನ್ ತಂತಿಗಳ ಅಡಿಯಲ್ಲಿದ್ದ ಒಂದು ಬಯಲಿನಲ್ಲಿ ಚೆಂಡು ಮೇಲೆ ಹೋದಾಗಲೆಲ್ಲ ಜನ ಉಸಿರು ಬಿಗಿ ಹಿಡಿಯುತ್ತಿದ್ದರು. ದೊಡ್ಡ ಲೀಗಿನಲ್ಲಿ ಇಲ್ಲದ ಒಂದು ಸಣ್ಣ ಕ್ಲಬ್ಬಿನ ಮೈದಾನಕ್ಕೆ ಐದೇ ಮೆಟ್ಟಿಲುಗಳ ಸ್ಟ್ಯಾಂಡು. ಅಲ್ಲಿದ್ದ ಪ್ರೇಕ್ಷಕರು ಮೂವರು ಅರಬ್ ಮುದುಕರು. ಫ್ಲಾಸ್ಕಿನಿಂದ ನಮಗೂ ಗಾವಾ ಎಂಬ ಅರಬ್ ಕಾಫಿ ಬಗ್ಗಿಸಿ, ಖರ್ಜೂರ ಕೊಟ್ಟು, ನಾವು ಯಾವ ತಂಡದ ಕಡೆ ಎಂದು ವಿಚಾರಿಸಿದರು. ಕಾಕ ತಮಗೆ ಗೊತ್ತಿದ್ದ ಅರಬ್ಬಿಯಲ್ಲಿ ಏಳು ನಂಬರಿನವನ ಕತೆಯನ್ನೆಲ್ಲ ಹೇಳಿದರು. ಮುದುಕರಲ್ಲೊಬ್ಬರು ಎದ್ದು ನಿಂತು ಕಾಕನ ಹೆಗಲು ತಟ್ಟಿದರು.

ಪ್ರತಿ ಸಲ ಹೊಸ ಮೈದಾನಕ್ಕೆ ಕಾಲಿಟ್ಟ ಕೂಡಲೇ ಕಾಕ ಬಗ್ಗಿ ನೆಲ ಮುಟ್ಟಿ ನೋಡುತ್ತಿದ್ದರು. ಗಾಳಿ ಯಾವ ಕಡೆಯಿಂದ ಎಂದು ನೋಡುತ್ತಿದ್ದರು. ಆಮೇಲೆ ಆಟಗಾರರ ಬೆನ್ನು. "ಏಳು ನಂಬರ್ ಯಾರು?" ಎಂದು ನನ್ನನ್ನು ಕೇಳುತ್ತಿದ್ದರು. ಹೆಚ್ಚಾಗಿ ನಾನೇ ಓದಿ ಹೇಳುತ್ತಿದ್ದೆ. ಆಗಲೂ ನನಗೆ ಹೊಳೆಯಲಿಲ್ಲ...

ಎರಡು ತಿಂಗಳು ಕಳೆಯಿತು. ಒಂದು ಶುಕ್ರವಾರ ದುಬೈವರೆಗೂ ಹೋಗಿ, ಜೆಬೆಲ್ ಅಲಿಯ ಕಡೆ ಮೂರು ಮೈದಾನ ಸುತ್ತಿ ಸುಸ್ತಾಗಿ ಕುಳಿತಾಗ ನಾನು ಅಂದುಬಿಟ್ಟೆ, "ಕಾಕ, ಅದು ಕ್ಯಾಂಪಿನ ಪಂದ್ಯ. ಕಪ್ ಕೂಡ ಪ್ಲಾಸ್ಟಿಕ್ಕಿನದ್ದು."

ಅವರು ಸಿಟ್ಟಾಗಲಿಲ್ಲ. "ಅವ ವಾರಕ್ಕೆ ಆರು ದಿನ ಮೇಲೆ ಹತ್ತಿ ಪೈಪ್ ಕಟ್ಟುವವ ಮಾರಾಯ. ಒಂದೇ ಒಂದು ದಿನ ಕೆಳಗೆ ಆಡುವುದು. ಆ ದಿನ ಅವ ಗೆದ್ದಿದ್ದ. ಗೆದ್ದದ್ದನ್ನು ನಾನು ತೆಗೆದೆ. ಅವನಿಗೆ ಅದು ಗೊತ್ತಾಗಬೇಕಲ್ಲ?"

ಅದೇ ಮೈದಾನದಲ್ಲಿ ಸ್ಕಫೋಲ್ಡಿಂಗಿನವರ ಹಳೆಯ ತಂಡದ ಗೋಲ್‌ಕೀಪರ್ ನಮ್ಮನ್ನು ಗುರುತಿಸಿ ಓಡಿ ಬಂದ. ಏಳು ನಂಬರಿನವನು ಮಿರ್ಫಾದ ಸೈಟಿನಲ್ಲಿದ್ದಾನೆ ಎಂದ.

ಮಿರ್ಫಾ ಅಬುಧಾಬಿಯಿಂದ ಪಶ್ಚಿಮಕ್ಕೆ, ಎರಡು ಗಂಟೆಗೆ ಹತ್ತಿರದ ದಾರಿ. ಕಡಲ ತೀರದ ಸಣ್ಣ ಊರು. ಮುಂದಿನ ಶುಕ್ರವಾರ ಹೊರಟೆವು. ಅರ್ಧ ದಾರಿಯಲ್ಲಿ, ನಾನು ಏನೂ ಕೇಳದೆ ಇದ್ದಾಗ, ಕಾಕ ಹೇಳಿದರು: "ಬಿಸಿಲು ಅಲ್ಲ."

"ಏನು ಕಾಕ?"

"ಆ ದಿನ ಬಿಸಿಲು ನನ್ನ ಬೆನ್ನಿಗೆ ಇತ್ತು. ನನಗೆ ಕಾಣಲಿಲ್ಲ. ಬಲಗಣ್ಣಿಗೆ ಒಂದು ವರ್ಷದಿಂದ ಮಂಜು ಮಂಜು. ಸ್ಟೋರಿನಲ್ಲಿ ಸಾಮಾನಿನ ಜಾಗ ನೆನಪುಂಟು, ನಡೀತದೆ. ಆದರೆ ಇದನ್ನು ಹೇಳಿದರೆ ಬಾವುಟ ಬೇರೆಯವರಿಗೆ ಕೊಡ್ತಾರಲ್ಲ... ಅದಕ್ಕೆ ಹೇಳಲಿಲ್ಲ."

ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಮಿರ್ಫಾದ ಮೈದಾನ ನೀರಿಗೆ ತಾಗಿಕೊಂಡೇ ಇತ್ತು. ಒಂದು ಗೋಲಿನ ಹಿಂದೆ ಮೀನುಗಾರರ ಹಳೆಯ ಬಲೆ ಕಟ್ಟಿದ್ದರು, ಚೆಂಡು ಕಡಲಿಗೆ ಹೋಗದಿರಲೆಂದು. ಉಬ್ಬರ ಬಂದಾಗ ಒಂದು ಮೂಲೆ ಒದ್ದೆಯಾಗುತ್ತಿತ್ತಂತೆ. ಪಂದ್ಯ ಇನ್ನೂ ಶುರುವಾಗಿರಲಿಲ್ಲ. ಏಳು ನಂಬರಿನವನು ಅಲ್ಲಿದ್ದ, ಹನ್ನೊಂದು ನಂಬರಿನ ಅಂಗಿಯಲ್ಲಿ. ಎರಡು ತಿಂಗಳು ನಾವು ಬೆನ್ನು ಓದಿದ್ದೆಲ್ಲ ವ್ಯರ್ಥ!

ಕಾಕ ನೇರ ಅವನ ಮುಂದೆ ಹೋಗಿ ನಿಂತು, ಅವನ ಜೊತೆಯವರೆಲ್ಲ ಕೇಳುವಂತೆ ಹಿಂದಿಯಲ್ಲಿ ಹೇಳಿದರು: "ಆ ದಿನ ನಿನ್ನದು ಗೋಲು. ಚೆಂಡು ಒಳಗಿತ್ತು. ನನ್ನ ಕಣ್ಣು ಸರಿ ಇಲ್ಲ, ನಾನು ಅದನ್ನು ಮುಚ್ಚಿಟ್ಟೆ. ಮಾಫಿ ಕೇಳಲಿಕ್ಕೆ ಬಂದೆ."

ಹುಡುಗನ ಮುಖ ಒಮ್ಮೆಲೇ ಕೆಂಪೇರಿತು. ಜೊತೆಯವರ ಕಡೆ ನೋಡಿದ, ನೆಲ ನೋಡಿದ. ಆಮೇಲೆ ಕಾಕನ ಮೊಣಕೈ ಹಿಡಿದು ನೀರಿನ ಅಂಚಿಗೆ ಕರೆದೊಯ್ದ. ನಾನೂ ಹಿಂದೆ ಹೋದೆ.

"ಚಾಚಾ," ಎಂದ ಮೆಲ್ಲಗೆ, "ಆ ಚೆಂಡನ್ನು ನಾನು ತಲೆಯಿಂದ ಹೊಡೆಯಲಿಲ್ಲ. ಕೈಯಿಂದ ತಳ್ಳಿದ್ದೆ."

ಕಾಕ ಕಣ್ಣು ಕಿರಿದು ಮಾಡಿ ಅವನ ಮುಖದ ಹತ್ತಿರ ಬಗ್ಗಿದರು.

"ಯಾರೂ ನೋಡಲಿಲ್ಲ. ನೀವು ಮಾತ್ರ ನೋಡಿದಿರಿ, ಅದಕ್ಕೇ ಗೋಲು ಕೊಡಲಿಲ್ಲ ಅಂದುಕೊಂಡಿದ್ದೆ. ಎಲ್ಲರ ಮುಂದೆ ನನ್ನ ಮಾನ ಉಳಿಸಿದಿರಿ ಅಂತ ನಿಮಗಾಗಿ ಪ್ರಾರ್ಥನೆ ಕೂಡ ಮಾಡಿದ್ದೇನೆ. ಈಗ ನಿಮ್ಮನ್ನು ಕಂಡಾಗ, ಬೈಯಲು ಬಂದಿರಿ ಅಂತ ಹೆದರಿದೆ."

ಕಾಕ ನಗಲು ಶುರು ಮಾಡಿದರು. ಮೊದಲು ಹೆಗಲು ಕುಲುಕಿತು, ಆಮೇಲೆ ದನಿ ಬಂತು, ಆಮೇಲೆ ಕಣ್ಣಲ್ಲಿ ನೀರು. ಹುಡುಗನೂ ನಕ್ಕ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಪಾದದವರೆಗೆ ಬಂದ ನೀರಿನಲ್ಲಿ ನಿಂತು ನಗುತ್ತಿದ್ದರು.

"ಇಷ್ಟು ದೂರ ಬಂದಿದ್ದೀರಿ, ಇವತ್ತು ಬಾವುಟ ನೀವೇ ಹಿಡಿಯಿರಿ" ಎಂದ ಹುಡುಗ. ಕಾಕ ಬೇಡವೆಂದು ತಲೆಯಾಡಿಸಿ ಅಲ್ಲಿದ್ದ ಬಾವುಟವನ್ನು ನನ್ನ ಕೈಗೆ ಕೊಟ್ಟರು.

"ನನಗೆ ಆಫ್‌ಸೈಡೇ ಗೊತ್ತಿಲ್ಲ ಕಾಕ!"

"ಚೆಂಡು ಹೊರಗೆ ಹೋದರೆ ಕೈ ಎತ್ತು. ಕಾಣದಿದ್ದರೆ ಕಾಣಲಿಲ್ಲ ಅಂತ ಹೇಳು. ಯಲ್ಲಾ, ಓಡು."

ಅವತ್ತು ನಾನು ಎಷ್ಟು ತಪ್ಪು ಮಾಡಿದೆನೋ ಲೆಕ್ಕವಿಲ್ಲ. ಕಾಕ ಬಲೆಯ ಪಕ್ಕ ಮರಳಿನಲ್ಲಿ ಕುಳಿತು, ಮೊದಲ ಸಲ ಗೆರೆಯ ಚಿಂತೆಯಿಲ್ಲದೆ ಆಟ ನೋಡಿದರು.

ಆ ಬೇಸಿಗೆಯಲ್ಲಿ ಅವರು ಊರಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡರು. ಹಿಂದಿರುಗಿ ಇನ್ನೂ ಮೂರು ವರ್ಷ ಬಾವುಟ ಹಿಡಿದು, ವೀಸಾ ಕ್ಯಾನ್ಸಲ್ ಮಾಡಿಸಿ ಊರು ಸೇರಿದರು. ಅಲ್ಲಿಂದಲೂ ಫೋನ್ ಬರುತ್ತಿತ್ತು. ಉಳ್ಳಾಲದ ಮಕ್ಕಳ ಆಟ, ಯಾವ ಹುಡುಗನ ಎಡಗಾಲು ಚೆಂದ ಎಂಬ ವರದಿ. ನಾವು ದುಬೈಗೆ, ಡಿಸ್ಕವರಿ ಗಾರ್ಡನ್ಸ್ ಬಡಾವಣೆಗೆ ಬಂದೆವು. ಹೊಸ ಮೈದಾನ ನೋಡಿದೆನೆಂದರೆ ಕಾಕನಿಗೆ ಎಲ್ಲ ವಿವರ ಬೇಕು, ಮೆಟ್ಟಿಲು ಎಷ್ಟು, ನೆಲ ಹೇಗೆ, ಗಾಳಿ ಯಾವ ಕಡೆಯಿಂದ...

ಈ ವರ್ಷ ರಂಜಾನ್ ಕಳೆದ ಮೇಲೆ ಅವರು ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ಮೈದಾನಗಳಿಗೆ ಈಗಲೂ ಹೋಗುತ್ತೇನೆ, ಮಗಳೂ ಬರುತ್ತಾಳೆ. ಆದರೆ ಮನೆಗೆ ಬಂದ ಮೇಲೆ ಆ ವಿವರಗಳನ್ನೆಲ್ಲ ಕೇಳುವವರು ಯಾರೂ ಇಲ್ಲ.

ಆ ನೇಪಾಳಿ ಈಗ ಅವನ ಊರಿನಲ್ಲಿದ್ದಾನೆ, ಶಾಲೆಯ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾನೆ. ಅವನಿಗೆ ಸುದ್ದಿ ತಿಳಿಸಲು ಇಷ್ಟು ದಿನ ಮನಸ್ಸಾಗಿರಲಿಲ್ಲ. ಕೊನೆಗೆ ಕಳೆದ ವಾರ ಫೋನ್ ಮಾಡಿದೆ. ಆ ಕಡೆ ದೂರದಲ್ಲಿ ಮಕ್ಕಳ ಕೂಗು ಕೇಳುತ್ತಿತ್ತು.

"ಆಪರೇಶನ್ ಆದ ಮೇಲೆ ಚಾಚಾಗೆ ಕಣ್ಣು ಪೂರ್ತಿ ಸರಿಯಾಗಿತ್ತಲ್ಲ ಭಾಯಿ?" ಎಂದು ಕೇಳಿದ.

"ಪೂರ್ತಿ. ಕೊನೆಯವರೆಗೂ."

"ಹಾಗಾದರೆ ಬಹಳ ಆಟ ನೋಡಿರುತ್ತಾರೆ" ಎಂದ. ಆಮೇಲೆ, ಮಕ್ಕಳು ಕಾಯುತ್ತಿದ್ದಾರೆ ಎಂದು ಫೋನ್ ಇಟ್ಟ.