ಪಟ್ಟಿಯಲ್ಲಿ ಇಲ್ಲದ ಅಕೌಂಟ್

ನಳಿನಿ ಹುಟ್ಟಿದ್ದು ರಾಯಚೂರಿನಲ್ಲಿ, ಬೆಳೆದದ್ದು ಹೈದರಾಬಾದಿನಲ್ಲಿ. ತಂದೆ ಹುಲಗೇಶ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಾರಾಯಣಗೂಡದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಆಕೆ ಆಸ್ಪತ್ರೆಗಳಿಗೆ ಲಸಿಕೆ ಪೂರೈಸುವ ಕಂಪನಿಯೊಂದರಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದಳು. ಅಲ್ಲಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಜಯತೀರ್ಥರು ಆಕೆಯ ಕುತೂಹಲ ಕಂಡು, ಪಕ್ಕದಲ್ಲಿ ಕೂರಿಸಿಕೊಂಡು ಸರ್ವರ್ ಕೆಲಸ ಕಲಿಸಿದರು. ಎರಡು ವರ್ಷದ ಹಿಂದೆ ಅವರು ನಿವೃತ್ತರಾದಾಗ ಆ ಜವಾಬ್ದಾರಿ ಆಕೆಗೆ ಬಂತು. ಆಗ ಆಕೆಗೆ ನಲವತ್ತಾರು ವರ್ಷ.

ಕಂಪನಿಯ ಪ್ರೋಗ್ರಾಮುಗಳು ಒಂದೊಂದೂ ಒಂದು ಕಂಟೇನರಿನಲ್ಲಿ, ಅಂದರೆ ತನಗೆ ಬೇಕಾದ್ದನ್ನೆಲ್ಲ ಒಳಗೇ ಇಟ್ಟುಕೊಂಡ ಪೆಟ್ಟಿಗೆಯಂಥದ್ದರಲ್ಲಿ, ನಡೆಯುತ್ತಿದ್ದವು. ಕೆಲಸ ಶುರುಮಾಡುವ ಮೊದಲು ಅವು ತಾವು ಯಾರೆಂದು ಗುರುತಿನ ಸರ್ವರಿಗೆ ತೋರಿಸಬೇಕು. ಮನುಷ್ಯರಿಗೆ ಲಾಗಿನ್ ಇದ್ದ ಹಾಗೆ ಪ್ರೋಗ್ರಾಮುಗಳಿಗೆ ಸರ್ವಿಸ್ ಅಕೌಂಟ್. ಹಳೆಯ ಸರ್ವರ್ ವರ್ಷಗಟ್ಟಲೆ ಬದಲಾಗದ ಕೀಲಿಯನ್ನೂ ಒಪ್ಪಿಕೊಳ್ಳುತ್ತಿತ್ತು. ಹೊಸ ಆವೃತ್ತಿ ಹಾಗಲ್ಲ. ಗಂಟೆಗೊಮ್ಮೆ ಹೊಸದಾಗಿ ಸಿಗುವ ಟೋಕನ್, ಅಂದರೆ ತಾತ್ಕಾಲಿಕ ಗುರುತಿನ ಚೀಟಿ, ತೋರಿಸಿದರೆ ಮಾತ್ರ ಒಳಗೆ ಬಿಡುತ್ತದೆ.

ಹಳೆಯ ಆವೃತ್ತಿಗೆ ರಿಪೇರಿ ಸಿಗುವುದು ನಿಂತಿತ್ತು. ಹೊಸದಕ್ಕೆ ಬದಲಾಯಿಸಲು ನಳಿನಿ ಎರಡು ತಿಂಗಳು ತಯಾರಿ ಮಾಡಿಕೊಂಡು, ಒಂದು ಭಾನುವಾರ ಬೆಳಿಗ್ಗೆ ಅಬಿಡ್ಸ್‌ನ ಆಫೀಸಿಗೆ ಒಬ್ಬಳೇ ಹೋಗಿ ಕುಳಿತಳು. ಆಕೆಯ ಪಟ್ಟಿಯಲ್ಲಿ ಹನ್ನೊಂದು ಸರ್ವಿಸ್ ಅಕೌಂಟುಗಳಿದ್ದವು. ಹತ್ತೂವರೆಗೆಲ್ಲ ಹನ್ನೊಂದೂ ಹೊಸ ಸರ್ವರಿಗೆ ಬಂದು ಕೆಲಸ ಶುರುಮಾಡಿದವು. ನಿರಾಳವಾಗಿ ತಿಂಡಿಯ ಡಬ್ಬಿ ಬಿಚ್ಚಿದಳು. ಎರಡು ತುತ್ತು ಉಪ್ಪಿಟ್ಟು ತಿನ್ನುವುದರಲ್ಲಿ ಏನೋ ಕೊರತೆ ಅನ್ನಿಸಿ ಫೋನ್ ನೋಡಿದಳು. ನಾಚಾರಂನ ಗೋದಾಮಿನಲ್ಲಿ ಲಸಿಕೆ ಇಡುವ ಶೀತಲ ಕೋಣೆಗಳಿಂದ ಹತ್ತು ನಿಮಿಷಕ್ಕೊಮ್ಮೆ ಬರುವ ಉಷ್ಣಾಂಶದ ಸಂದೇಶ ನಲವತ್ತು ನಿಮಿಷದಿಂದ ಬಂದಿರಲಿಲ್ಲ.

ಸರ್ವರಿನ ದಾಖಲೆ ತೆರೆದಳು. ಯಾವುದೋ ಪ್ರೋಗ್ರಾಮು ಮತ್ತೆ ಮತ್ತೆ ಬಾಗಿಲು ತಟ್ಟುತ್ತಿತ್ತು, ಹೊಸ ಸರ್ವರ್ ಪ್ರತಿ ಸಲವೂ ಅದನ್ನು ವಾಪಸು ಕಳಿಸುತ್ತಿತ್ತು. ಅದರ ಹೆಸರು ಆಕೆಯ ಪಟ್ಟಿಯಲ್ಲೇ ಇರಲಿಲ್ಲ. ಕೋಣೆ ಬಿಸಿಯಾದರೆ ಎಚ್ಚರಿಸಬೇಕಾದ ಪ್ರೋಗ್ರಾಮೇ ಅದು.

ಲಸಿಕೆ ಎಂಟು ಡಿಗ್ರಿ ದಾಟುವಂತಿಲ್ಲ. ಹಳೆಯ ಸರ್ವರಿಗೆ ಮರಳಲು ಬ್ಯಾಕಪ್ ಇತ್ತು, ಆದರೆ ಅದನ್ನು ಮತ್ತೆ ತುಂಬಿಸಲು ಎರಡು ತಾಸು ಬೇಕು. ಆಕೆ ಗೋದಾಮಿನ ಕಾವಲು ನೋಡುವ ಸೋಮಣ್ಣನಿಗೆ ಫೋನ್ ಮಾಡಿದಳು. ಆರು ವರ್ಷದಿಂದ ಅವನೊಂದಿಗೆ ಫೋನಿನಲ್ಲಷ್ಟೇ ಮಾತು, ಅದೂ ಹಿಂದಿಯಲ್ಲಿ. ಆವತ್ತು ಗಾಬರಿಯಲ್ಲಿ ಬಾಯಿಗೆ ಹಿಂದಿ ಬರಲೇ ಇಲ್ಲ.

"ಅಯ್ಯೋ ದೇವರೇ, ಹೆಂಗ ಹೇಳ್ಲಿ ಇವ್ರಿಗೆ..."

ಆ ಕಡೆಯಿಂದ ಸೋಮಣ್ಣ ಕನ್ನಡದಲ್ಲೇ ಕೇಳಿದ: "ಮೇಡಮ್ಮರ, ನೀವು ನಮ್ಮ ಕಡಿಯವ್ರೇನ್ರಿ? ನಂದು ಯಾದಗಿರಿರಿ. ಏನಾಗೈತಿ ಹೇಳ್ರಿ."

"ಸೋಮಣ್ಣ, ಎಚ್ಚರಿಕಿ ಬರೋದು ನಿಂತೈತಿ. ನೀವ ಹೋಗಿ ಕೋಣಿ ಥರ್ಮಾಮೀಟರ್ ನೋಡ್ರಿ. ಫೋನ್ ಇಡಬ್ಯಾಡ್ರಿ."

ಚಪ್ಪಲಿಯ ಸಪ್ಪಳ ಕೇಳಿಸಿತು. "ಒಂದನೇದು ನಾಕೂವರಿ ಐತ್ರಿ. ಎರಡನೇದು... ಏಳು ಪಾಯಿಂಟ್ ಆರು!"

ನಳಿನಿ ಎದ್ದು ನಿಂತಳು. "ಬಾಗಿಲ ನೋಡ್ರಿ!"

"ತಡೀರಿ, ನೋಡಾಕತ್ತೀನಿ. ಹೌದ್ರಿ! ಬಾಗಿಲಕ್ಕ ಒಂದು ರಟ್ಟಿನ ಡಬ್ಬಿ ಅಡ್ಡ ಸಿಕ್ಕೈತ್ರಿ. ಪೂರಾ ಮುಚ್ಚಿಲ್ಲ." ದಪ್ಪೆಂದು ಬಾಗಿಲು ಮುಚ್ಚಿದ ಸದ್ದು. "ಈಗ ಮುಚ್ಚಿದೆ ನೋಡ್ರಿ. ನಾ ಇಲ್ಲೇ ಕುಂದರ್ತೀನಿ. ಐದೈದು ನಿಮಿಷಕ್ಕ ಹೇಳ್ತೀನಿ, ನೀವು ನಿಮ್ಮ ಕೆಲಸ ಮಾಡ್ರಿ."

ಆಕೆ ಆಫೀಸಿನ ಇನ್ನೊಂದು ಫೋನಿನಿಂದ ಜಯತೀರ್ಥರನ್ನು ಕರೆದಳು. ವಿಷಯ ಕೇಳಿದ ಕೂಡಲೇ ಅವರು ದನಿ ತಗ್ಗಿಸಿದರು.

"ಅದು ನಾನ ಮಾಡಿದ್ದು, ನಳಿನಿ. ಕೀಲಿ ಆ ಕಂಟೇನರಿನ ಒಳಗ ಬರದಿಟ್ಟೀನಿ. ಗಡಬಡಿಯೊಳಗ ಮಾಡಿದ್ದು. ಕಾಗದದ ಮ್ಯಾಲೆ ಎಲ್ಲೂ ಬರದಿಲ್ಲ."

"ಅದು ಇರ್ಲಿ ಸರ್. ಈಗ ಎಲ್ಲಿ ಬದಲಿ ಮಾಡ್ಲಿ, ಅಷ್ಟು ಹೇಳ್ರಿ."

ಅವರು ನೆನಪಿನಿಂದಲೇ ಫೈಲಿನ ಹೆಸರು ಹೇಳಿದರು. ನಳಿನಿ ಅದರೊಳಗಿನ ಹಳೆಯ ಕೀಲಿ ಕಿತ್ತುಹಾಕಿ, ಆ ಪ್ರೋಗ್ರಾಮಿಗೆಂದೇ ಹೊಸ ಸರ್ವಿಸ್ ಅಕೌಂಟ್ ತೆರೆದು, ಟೋಕನ್ ಸಿಗುವ ಏರ್ಪಾಡು ಮಾಡಿ ಕಂಟೇನರನ್ನು ಮತ್ತೆ ಶುರುಮಾಡಿದಳು. ಹೊಸ ಸರ್ವರ್ ಮತ್ತೆ ಬೇಡವೆಂದಿತು. ಆ ಕಡೆಯಿಂದ ಸೋಮಣ್ಣ, "ಏಳು ಪಾಯಿಂಟ್ ಒಂದು ಆಗೈತ್ರಿ, ಇಳ್ಯಾಕತ್ತೈತಿ" ಎಂದ.

ಆ ಮಾತು ಕೇಳಿ ತಲೆ ತಿಳಿಯಾಯಿತು. ಟೋಕನನ್ನು ಅಕ್ಷರ ಅಕ್ಷರ ಬಿಡಿಸಿ ಓದಿದಳು. ಅದನ್ನು ಯಾವ ಸರ್ವರಿಗೆ ತೋರಿಸಬೇಕೆಂದು ಬರೆದಿರುವ ಜಾಗದಲ್ಲಿ ಇನ್ನೂ ಹಳೆಯ ಸರ್ವರಿನ ವಿಳಾಸವೇ ಇತ್ತು. ತಿದ್ದಿದಳು. ಅರ್ಧ ನಿಮಿಷ ಕಳೆಯಿತು. ಫೋನ್ ಟಿಂಗ್ ಎಂದಿತು: ಒಂದನೇ ಕೋಣೆ 4.4, ಎರಡನೇ ಕೋಣೆ 6.3.

"ಸೋಮಣ್ಣ, ಎರಡನೇದು ಎಷ್ಟೈತಿ?"

"ಆರು ಪಾಯಿಂಟ್ ಮೂರ್ರಿ."

ನಳಿನಿ ಮೇಜಿನ ಮೇಲೆ ತಲೆಯಿಟ್ಟಳು. ಅತ್ತಳೋ ನಕ್ಕಳೋ ಆಕೆಗೇ ಸರಿಯಾಗಿ ನೆನಪಿಲ್ಲ. ಆರಿದ ಉಪ್ಪಿಟ್ಟನ್ನು ಒಂದು ಅಗಳೂ ಬಿಡದೆ ತಿಂದದ್ದು ಮಾತ್ರ ನೆನಪಿದೆ. ಜಯತೀರ್ಥರಿಗೆ ಸುದ್ದಿ ಮುಟ್ಟಿಸಿದಾಗ ಅವರೂ ದೀರ್ಘವಾಗಿ ಉಸಿರು ಬಿಟ್ಟರು. "ಎಂಟು ವರ್ಷ ಆ ಕೀಲಿ ಮನಸ್ಸಿನ್ಯಾಗ ಚುಚ್ಚತಿತ್ತವ್ವ. ಇವತ್ತು ಹೋತು."

ಸೋಮವಾರ ಆಕೆ ವರದಿ ಬರೆದಳು. ತಪ್ಪನ್ನು ಹಿರಿಯರ ಮೇಲೆ ಹಾಕಲಿಲ್ಲ. ಹಳೆಯ ಸರ್ವರಿನಲ್ಲಿ ನಿಜವಾಗಿ ಯಾವ ಯಾವ ಪ್ರೋಗ್ರಾಮುಗಳು ಲಾಗಿನ್ ಆಗುತ್ತಿವೆಯೆಂದು ನೋಡದೆ, ಕಾಗದ ನಂಬಿ ಪಟ್ಟಿ ಮಾಡಿದ್ದು ತನ್ನ ತಪ್ಪೆಂದು ಮೊದಲ ಸಾಲಿನಲ್ಲೇ ಬರೆದಳು. ಬೈಗುಳಕ್ಕೆ ಸಿದ್ಧಳಾಗಿಯೇ ಮ್ಯಾನೇಜರ್ ಅಮಿತಾ ಅವರ ಮುಂದೆ ನಿಂತಳು. ಅಮಿತಾ ಓದಿ ಮುಗಿಸಿ ಕೇಳಿದ್ದು ಒಂದೇ ಮಾತು: "ಲಸಿಕೆ ಕೆಟ್ಟಿಲ್ಲ ತಾನೆ?"

"ಒಂದೂ ಕೆಟ್ಟಿಲ್ಲ ಮೇಡಮ್."

"ಸಾಕು. ಎಚ್ಚರಿಕೆ ನಿಂತರೂ ಎಚ್ಚರಿಕೆ ಬರೋ ಹಾಗೆ ಒಂದು ವ್ಯವಸ್ಥೆ ಮಾಡಿ."

ಆ ವಾರವೇ ನಳಿನಿ ಅದನ್ನು ಮಾಡಿ ಮುಗಿಸಿದಳು. ಶನಿವಾರ ಬಸ್ಸು ಹತ್ತಿ ಮೊದಲ ಬಾರಿಗೆ ನಾಚಾರಂಗೆ ಹೋದಳು. ಗೇಟಿನಲ್ಲಿ ತೆಳ್ಳಗಿನ, ನೆರೆತ ಮೀಸೆಯ ಮನುಷ್ಯನೊಬ್ಬ ಎದ್ದು ನಿಂತ.

"ಸೋಮಣ್ಣ, ನಾ ನಳಿನಿ."

"ದನಿ ಕೇಳಿದ ಕೂಡ್ಲೇ ಗೊತ್ತಾತ್ರಿ," ಎಂದು ನಕ್ಕು ಅವನು ತನ್ನ ಕುರ್ಚಿಯನ್ನು ಒರೆಸಿ ಆಕೆಯ ಕಡೆ ಸರಿಸಿದ. "ಕುಂದರ್ರಿ ಅಕ್ಕಾರ, ಚಾ ತರಸ್ತೀನಿ."